ವನ್ಯಜೀವಿ ಅಂಚೆಚೀಟಿ, ಸಂಸ್ಥೆಯ ಟಪಾಲು, ಕಡಿಮೆ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ದಾನಿಗಳಿಗೆ ಧನ್ಯವಾದ ಪತ್ರ, ಸದಸ್ಯರಿಗೆ ಸಭೆಯ ಕರೆಯೋಲೆ, ವರ್ಷಕ್ಕೊಮ್ಮೆ ವರದಿ ಕಳಿಸುವ ಟ್ರಸ್ಟು, ಸಂಘ, ಪರಿಸರ ಬಳಗಗಳಿಗಾಗಿ ಇದನ್ನು ಬರೆದಿದ್ದೇವೆ. ಕವರಿನ ಮೇಲೆ ಹುಲಿಯೋ ಹಕ್ಕಿಯೋ ಇರುವ ಚೀಟಿ ಹಚ್ಚಬೇಕು, ಆದರೆ ಅಂಚೆ ಖರ್ಚು ಏರಬಾರದು ಎನ್ನುವವರು ಕೇಳುವ ಪ್ರಶ್ನೆಗಳಿವು. ಅಂಚೆ ದರ ಆಗಾಗ ಬದಲಾಗುತ್ತದೆ. ನೂರಾರು ಕವರು ಕಟ್ಟುವ ಮೊದಲು ಕೌಂಟರಿನಲ್ಲಿ ಒಂದು ಮಾತು ಕೇಳಿಬಿಡಿ.

ನಮ್ಮದು ನೋಂದಾಯಿತ ಟ್ರಸ್ಟು. ಅಂಚೆ ಇಲಾಖೆ ಸ್ಟಾಂಪಿನ ಮೇಲೆ ರಿಯಾಯಿತಿ ಕೊಡುತ್ತದೆಯೇ?

ಇಲ್ಲ. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ಪತ್ರಗಳನ್ನೆಲ್ಲ ಮುಂದಿಟ್ಟರೂ 5 ರೂಪಾಯಿಯ ಚೀಟಿಗೆ 5 ರೂಪಾಯಿಯೇ. ಒಂದು ಕೊಂಡರೂ ಅದೇ ಬೆಲೆ, ಐದು ಸಾವಿರ ಕೊಂಡರೂ ಅದೇ ಬೆಲೆ. ಸೇವಾ ಸಂಸ್ಥೆಗಳಿಗೆಂದು ಅಮೆರಿಕದಲ್ಲಿರುವಂಥ ಪ್ರತ್ಯೇಕ ಅಂಚೆ ದರ ನಮ್ಮಲ್ಲಿಲ್ಲ. ಅಂಧರ ಬ್ರೈಲ್ ಸಾಹಿತ್ಯಕ್ಕೆ ವಿನಾಯಿತಿಯಿದೆ, ನೋಂದಣಿಯಾದ ನಿಯತಕಾಲಿಕೆಗಳಿಗೆ ಅಗ್ಗದ ದರವಿದೆ. ಇವೆರಡೂ ಕಳಿಸುವ ವಸ್ತುವನ್ನು ನೋಡಿ ಕೊಡುವಂಥವು, ಕಳಿಸುವ ಸಂಸ್ಥೆಯನ್ನು ನೋಡಿ ಅಲ್ಲ.

ಪ್ರಾಣಿಯ ಚಿತ್ರವಿದೆ ಎಂದು ಇಲಾಖೆ ಹೆಚ್ಚು ಬೆಲೆಯನ್ನೂ ಹಾಕುವುದಿಲ್ಲ. ಅಂಚೆ ಕಚೇರಿಯಲ್ಲಿ ಸಿಕ್ಕರೆ ಚಿಟ್ಟೆಯ ಚೀಟಿಗೂ ಯಾವುದೋ ಮುಖಂಡರ ಚೀಟಿಗೂ ಒಂದೇ ಬೆಲೆ. ಬೆಲೆ ಏರುವುದು ಮಧ್ಯದಲ್ಲಿ ಇನ್ನೊಬ್ಬ ಮಾರಾಟಗಾರ ಬಂದಾಗ.

ಹಾಗಾದರೆ ದುಡ್ಡು ಉಳಿಸುವುದು ಎಲ್ಲಿ?

ತೂಕದಲ್ಲಿ. ಚೀಟಿ ಎಲ್ಲಿ ಅಗ್ಗ ಎಂದು ಹುಡುಕಿಕೊಂಡು ಊರೆಲ್ಲ ಸುತ್ತುವವರು ಕವರನ್ನು ತಕ್ಕಡಿಗೆ ಹಾಕಿಯೇ ಇರುವುದಿಲ್ಲ.

ಸಾದಾ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ. ಅದರ ಮೇಲೆ ಪ್ರತಿ 20 ಗ್ರಾಮಿಗೆ, ಅಥವಾ ಅದರ ಯಾವ ಚೂರಿಗೂ, ಇನ್ನೂ 5 ರೂಪಾಯಿ. 21 ಗ್ರಾಂ ಆದರೆ 10 ರೂಪಾಯಿ ಆಗಿಯೇ ಹೋಯಿತು. ಈಗ ಕಾಗದದ ಲೆಕ್ಕ ನೋಡಿ. 80 ಜಿಎಸ್ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ ತೂಗುತ್ತದೆ. ಮೂರಾಗಿ ಮಡಿಸಿದ ಎ4 ಹಿಡಿಯುವ ಉದ್ದನೆಯ ಕವರು ಸುಮಾರು 5 ಗ್ರಾಂ. ಮೂರು ಹಾಳೆ ಹಾಕಿದರೆ 15 ಮತ್ತು 5 ಸೇರಿ 20, ಗಡಿಯ ಮೇಲೆ ನಿಂತ ಹಾಗೆ. ಗೋಂದು, ಚೀಟಿ, ವಿಳಾಸದ ಸ್ಟಿಕ್ಕರ್ ಸೇರಿದೊಡನೆ ಗಡಿ ದಾಟುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಇನ್ನೂ ಸ್ವಲ್ಪ ತೂಗುತ್ತದೆ. ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಪಾಸಾದ ಕವರು ಜುಲೈಯಲ್ಲಿ ಮಡಿಕೇರಿಯಲ್ಲಿ ಫೇಲಾಗುವುದು ಹೀಗೆ.

ಮೂರು ಹಾಳೆಯ ಪತ್ರವನ್ನು ಎರಡೂ ಬದಿ ಮುದ್ರಿಸಿ ಎರಡು ಹಾಳೆಗಿಳಿಸಿ. ಒಟ್ಟು 15 ಗ್ರಾಮಿನ ಆಸುಪಾಸು, ಚಿಂತೆಯಿಲ್ಲ. 400 ಕವರಿಗೆ 4,000 ರೂಪಾಯಿ ಆಗುವಲ್ಲಿ 2,000ಕ್ಕೆ ಮುಗಿಯುತ್ತದೆ. ಯಾವ ವ್ಯಾಪಾರಿಯೂ ಸ್ಟಾಂಪಿನ ಮೇಲೆ ಅರ್ಧಕ್ಕರ್ಧ ಬಿಡುವುದಿಲ್ಲ. ಮೂರು ಹಾಳೆ ಬೇಕೇ ಬೇಕು ಎಂದಾದರೆ 70 ಜಿಎಸ್ಎಂ ಬಳಸಿ: ಹಾಳೆಗೆ 4.4 ಗ್ರಾಂ, ಮೂರಕ್ಕೆ ಸುಮಾರು 13. ಹೊಳೆಯುವ ಕರಪತ್ರ ಸೇರಿಸುವ ಆಸೆಯಿದ್ದರೆ ಮೊದಲೇ ತೂಗಿ ನೋಡಿ. 170 ಜಿಎಸ್ಎಂ ಆರ್ಟ್ ಪೇಪರಿನ ಒಂದೇ ಎ4 ಹಾಳೆ 10 ಗ್ರಾಂ ದಾಟುತ್ತದೆ.

ಒಂದೇ ಕವರು ತೂಗಿದರೆ ಅಡುಗೆಮನೆ ತಕ್ಕಡಿ ಒಂದೆರಡು ಗ್ರಾಂ ಹೆಚ್ಚುಕಡಿಮೆ ತೋರಿಸಬಹುದು. ಅಂಟಿಸಿ ಸಿದ್ಧವಾದ ಹತ್ತು ಕವರನ್ನು ಒಟ್ಟಿಗೆ ಇಟ್ಟು ಹತ್ತರಿಂದ ಭಾಗಿಸಿ. ಹತ್ತರ ಒಟ್ಟು ತೂಕ 190 ಗ್ರಾಮಿನೊಳಗೆ ಬಂದರೆ ನಿಶ್ಚಿಂತೆ. 195 ದಾಟಿದರೆ ಒಂದು ಹಾಳೆ ತೆಗೆಯಿರಿ.

ವನ್ಯಜೀವಿ ಚೀಟಿಗಳು ಎಲ್ಲಿ ಸಿಗುತ್ತವೆ? ನಮ್ಮೂರ ಪೋಸ್ಟಾಫೀಸಿನಲ್ಲಿ ಇಲ್ಲ ಎನ್ನುತ್ತಾರೆ.

ಅವರು ನಿಜವನ್ನೇ ಹೇಳುತ್ತಿರುತ್ತಾರೆ. ಚೀಟಿಗಳಲ್ಲಿ ಎರಡು ಬಗೆ. ದಿನಬಳಕೆಯ ಚೀಟಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಮುದ್ರಿಸುತ್ತಾರೆ, ಎಲ್ಲ ಕಚೇರಿಗಳಲ್ಲೂ ಇರುತ್ತವೆ. ಸ್ಮರಣಾರ್ಥ ಚೀಟಿಗಳನ್ನು ಒಮ್ಮೆ ಮಾತ್ರ ಇಂತಿಷ್ಟು ಎಂದು ಮುದ್ರಿಸುತ್ತಾರೆ. ಪ್ರಾಣಿ ಪಕ್ಷಿಗಳು ಬಹುಪಾಲು ಈ ಎರಡನೆಯ ಬಗೆಯಲ್ಲೇ ಬರುತ್ತವೆ. 2000ದಲ್ಲಿ ಶುರುವಾದ ಪ್ರಕೃತಿ ಮಾಲೆಯಂಥ ದಿನಬಳಕೆಯ ಚೀಟಿಗಳಲ್ಲೂ ಪ್ರಾಣಿ ಪಕ್ಷಿಗಳಿದ್ದವು, ಆದರೆ ಅದು ಅಪರೂಪ. ಸ್ಮರಣಾರ್ಥ ಚೀಟಿ ಸಣ್ಣ ಕಚೇರಿಗಳಿಗೆ ಬಂದರೂ ಬೇಗ ಮುಗಿಯುತ್ತದೆ.

ಹಾಗಾಗಿ ಫಿಲಾಟೆಲಿಕ್ ಬ್ಯೂರೋಗೆ, ಅಂದರೆ ಚೀಟಿ ಸಂಗ್ರಾಹಕರಿಗೆಂದು ಅಂಚೆ ಇಲಾಖೆ ನಡೆಸುವ ವಿಭಾಗಕ್ಕೆ, ಹೋಗಿ. ಬೆಂಗಳೂರಿನಲ್ಲಿ ಅದು ವಿಧಾನಸೌಧದ ಹತ್ತಿರದ ಜನರಲ್ ಪೋಸ್ಟಾಫೀಸಿನಲ್ಲಿದೆ (ಜಿಪಿಒ). ದೊಡ್ಡ ಊರುಗಳ ಕೆಲವು ಪ್ರಧಾನ ಅಂಚೆ ಕಚೇರಿಗಳಲ್ಲಿ ಸಂಗ್ರಾಹಕರಿಗೆಂದೇ ಬೇರೆ ಕೌಂಟರು ಇರುತ್ತದೆ. ಅಂಚೆ ಇಲಾಖೆಯ ಜಾಲತಾಣದಲ್ಲೂ ಚೀಟಿ ಕೊಳ್ಳಬಹುದು. ಅಲ್ಲಿ ಸಾಗಣೆ ವೆಚ್ಚ ಸೇರುವುದರಿಂದ ಇಪ್ಪತ್ತು ಚೀಟಿಗೆ ಹೊರೆ, ಒಟ್ಟಿಗೆ ನಾಲ್ಕೈದು ನೂರು ತರಿಸಿದರೆ ಗಣನೆಗೆ ಬರುವುದಿಲ್ಲ.

ನಿಮ್ಮ ಪ್ರಧಾನ ಅಂಚೆ ಕಚೇರಿಗೆ ಚೀಟಿ ಬರುವುದು ರಾಜ್ಯದ ಕಚೇರಿಗಳಿಗೆ ಚೀಟಿ ಹಂಚುವ ಸರ್ಕಲ್ ಸ್ಟಾಂಪ್ ಡಿಪೋದಿಂದ. ಬೇಡಿಕೆ ಬರವಣಿಗೆಯಲ್ಲಿದ್ದರೆ ಕಚೇರಿಯವರು ತಮ್ಮ ಮುಂದಿನ ಬೇಡಿಕೆಪಟ್ಟಿಯಲ್ಲಿ ನಿಮ್ಮದನ್ನೂ ಸೇರಿಸಲು ಸಾಧ್ಯ. ಬಾಯಲ್ಲಿ ಕೇಳಿದ್ದು ಕೌಂಟರಿನಲ್ಲೇ ಉಳಿದುಬಿಡುತ್ತದೆ.

ಆ ಪತ್ರದಲ್ಲಿ ಏನು ಬರೆಯಬೇಕು? ಎಷ್ಟು ಮೊದಲು?

ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಪೋಸ್ಟ್‌ಮಾಸ್ಟರರ ಹೆಸರಿಗೆ ಐದಾರು ಸಾಲು ಸಾಕು. ಮುಖಬೆಲೆ 5 ರೂಪಾಯಿ, ಇಷ್ಟು ಚೀಟಿ, ವನ್ಯಜೀವಿ ಅಥವಾ ಪಕ್ಷಿ ವಿಷಯದವು, ಇಂಥ ದಿನಾಂಕದೊಳಗೆ ಬೇಕು, ಹಣ ಚೆಕ್ಕಿನಲ್ಲೋ ನಗದಿನಲ್ಲೋ ಎಂದು ಬರೆಯಿರಿ. ಎರಡನೆಯ ಆಯ್ಕೆಯನ್ನೂ ಕಾಣಿಸಿ: ‘ಪ್ರಾಣಿ ಇಲ್ಲದಿದ್ದರೆ ಮರ, ಹೂವು, ಚಿಟ್ಟೆ ಆದೀತು’. ಹುಲಿಯೇ ಬೇಕೆಂದು ಹಟ ಹಿಡಿದರೆ ಕೊನೆಗೆ ಏನೂ ಸಿಗದೆ ಹೋಗಬಹುದು. ನೂರರ ಲೆಕ್ಕಕ್ಕಿಂತ ಶೀಟಿನ ಲೆಕ್ಕದಲ್ಲಿ ಕೇಳಿ. ಒಂದೊಂದು ಬಿಡುಗಡೆಗೆ ಶೀಟಿನ ಚೀಟಿಗಳ ಸಂಖ್ಯೆ ಬೇರೆ ಬೇರೆ. ಶೀಟು ಹರಿಯದೆ ಕೊಡುವುದು ಗುಮಾಸ್ತರಿಗೂ ಸುಲಭ, ಎಣಿಸುವುದು ನಿಮಗೂ ಸುಲಭ.

ಆರು ವಾರ ಮೊದಲು ಕೊಡಿ. ವನ್ಯಜೀವಿ ಸಪ್ತಾಹ ಅಕ್ಟೋಬರ್ 2ರಿಂದ 8ರವರೆಗೆ, ಅದರ ಮರುದಿನವೇ ವಿಶ್ವ ಅಂಚೆ ದಿನ. ಆ ವಾರ ಟಪಾಲು ಹೊರಡಿಸುವ ಯೋಚನೆಯಿದ್ದರೆ ಪತ್ರ ಆಗಸ್ಟಿನಲ್ಲೇ ಹೋಗಲಿ.

ಯಾವ ಚೀಟಿಗಳನ್ನು ಕೇಳಬೇಕು?

ಹೊಸ ಬಿಡುಗಡೆಗಳಲ್ಲಿ ಯಾವುದು ದಾಸ್ತಾನಿದೆಯೋ ಅದನ್ನು, 5 ಅಥವಾ 10 ರೂಪಾಯಿ ಮುಖಬೆಲೆಯದನ್ನು. ಇಷ್ಟೇ ನಿಯಮ. ಭಾರತದ ವನ್ಯಜೀವಿ ಚೀಟಿಗಳ ಇತಿಹಾಸ ಉದ್ದವಾದದ್ದು. 1962ರಲ್ಲಿ ಘೇಂಡಾಮೃಗ, 1963ರಲ್ಲಿ ಐದು ಚೀಟಿಗಳ ಮಾಲೆ. ಅದರಲ್ಲಿ ನಮ್ಮ ಕಾಟಿಯೂ (ಕಾಡುಕೋಣ) ಇತ್ತು, 10 ನಯಾ ಪೈಸೆಯದು. ಇವತ್ತಿನ ದರಕ್ಕೆ ಒಂದು ಕವರಿಗೆ ಐವತ್ತು ಕಾಟಿ ಹಚ್ಚಬೇಕು, ವಿಳಾಸಕ್ಕೆ ಜಾಗ ಉಳಿಯುವುದಿಲ್ಲ. 1983ರಲ್ಲಿ ಬಂದ ಸಿಂಗಳೀಕ 2 ರೂಪಾಯಿಯದು, ಜೊತೆಗೆ ಬಂದ ಚಿನ್ನದ ಲಂಗೂರ್ 1 ರೂಪಾಯಿಯದು. ಎರಡು ಸಿಂಗಳೀಕ, ಒಂದು ಲಂಗೂರ್ ಹಚ್ಚಿದರೆ ಲೆಕ್ಕ ಸರಿಯಾಗಿ 5ಕ್ಕೆ ಕೂಡುತ್ತದೆ. ಲೆಕ್ಕ ಚೆಂದವೇ, ಆದರೆ ಆ ಚೀಟಿಗಳನ್ನು ಸಂಗ್ರಾಹಕರು ಮುಖಬೆಲೆಗಿಂತ ಹೆಚ್ಚು ಕೊಟ್ಟು ಒಯ್ಯುತ್ತಾರೆ.

2007ರ ರಾಷ್ಟ್ರೀಯ ಉದ್ಯಾನಗಳ ಮಾಲೆಯಲ್ಲಿ ಬಂಡೀಪುರವಿದೆ. 2010ರ ಗುಬ್ಬಚ್ಚಿ ಮತ್ತು ಪಾರಿವಾಳ 5 ರೂಪಾಯಿಯವು. 2012ರಲ್ಲಿ ಹೈದರಾಬಾದಿನ ಜೀವವೈವಿಧ್ಯ ಸಮಾವೇಶದ ಸಂದರ್ಭದಲ್ಲಿ ಭಾರತದ ಸ್ಥಳೀಯ ಜೀವಿಗಳ ಮಾಲೆ ಬಂತು. ಇವೆಲ್ಲ ಈಗ ಕೌಂಟರಿನಲ್ಲಿ ಸಿಗುವ ಸಂಭವ ಕಡಿಮೆ, ವ್ಯಾಪಾರಿಗಳ ಹತ್ತಿರ ಹುಡುಕಬೇಕು. ಚಿತ್ರವನ್ನೂ ಒಮ್ಮೆ ಗಮನಿಸಿ. 2016ರಲ್ಲಿ ಬಂದ ವಿದೇಶಿ ಹಕ್ಕಿಗಳ ಮಾಲೆಯಲ್ಲಿ ದಕ್ಷಿಣ ಅಮೆರಿಕದ ಮಕಾವ್ ಗಿಳಿಗಳಿವೆ. ನೋಡಲು ಬಣ್ಣಬಣ್ಣ, ಆದರೆ ಪಶ್ಚಿಮ ಘಟ್ಟದ ಕಾಡು ಉಳಿಸಿ ಎನ್ನುವ ಪತ್ರದ ಮೇಲೆ ಅವು ಕೂತರೆ ಹಕ್ಕಿ ಬಲ್ಲ ದಾನಿ ನಗುತ್ತಾನೆ.

1994ರ ಜಲಪಕ್ಷಿಗಳ ನಾಲ್ಕು ಚೀಟಿ ಯಾರಾದರೂ ಹಳೆಯ ಆಲ್ಬಮ್ಮಿನಿಂದ ಕೊಟ್ಟರೆ ಹಚ್ಚಬೇಡಿ. ಸಂಗ್ರಾಹಕರಿಗೆ ಅವು ಬೇಕಾದವು. ಮಾರಿದರೆ ಬರುವ ಹಣದಲ್ಲಿ ನಿಮ್ಮ ಎಷ್ಟೋ ಟಪಾಲು ಹೋದೀತು.

ಮುಖಬೆಲೆಗಿಂತ ಕಡಿಮೆಗೆ ಹಳೆಯ ಚೀಟಿ ಸಿಗುತ್ತದಂತೆ, ನಿಜವೇ?

ನಿಜ. ಹೂಡಿಕೆಯೆಂದು ಶೀಟುಗಟ್ಟಲೆ ಕೊಂಡಿಟ್ಟವರು, ಸಂಗ್ರಾಹಕರ ವಾರಸುದಾರರು ಅವನ್ನು ಕೊನೆಗೆ ನಷ್ಟಕ್ಕೇ ಕೊಡುತ್ತಾರೆ. ಲಕ್ಷಗಟ್ಟಲೆ ಮುದ್ರಣವಾದ ಚೀಟಿಗೆ ಸಂಗ್ರಹಮೌಲ್ಯ ಹುಟ್ಟುವುದು ಅಪರೂಪ. ಕರ್ನಾಪೆಕ್ಸ್‌ನಂಥ ಅಂಚೆಚೀಟಿ ಪ್ರದರ್ಶನಗಳಿಗೆ ಬರುವ ವ್ಯಾಪಾರಿಗಳಲ್ಲಿ ‘ಹಚ್ಚುವುದಕ್ಕೆ ಬೇಕು, ಸಂಗ್ರಹಕ್ಕಲ್ಲ’ ಎಂದು ಮೊದಲೇ ಹೇಳಿ. ಮಾತು ಬೇರೆ ದಾರಿಗೆ ಬರುತ್ತದೆ.

ಕೊಳ್ಳುವಾಗ ಶೀಟಿನ ಅಂಚು ಇರುವುದನ್ನೇ ಕೇಳಿ. ಅಂಚಿದ್ದರೆ ಅದು ಬಳಸದ ಚೀಟಿ ಎನ್ನುವುದಕ್ಕೆ ಅದೇ ಒಳ್ಳೆಯ ಸಾಕ್ಷಿ. ಬಿಡಿ ಚೀಟಿಗಳ ಪೊಟ್ಟಣದಲ್ಲಿ ಠಸ್ಸೆ ತೊಳೆದು ಹೊಸದಾಗಿ ಗೋಂದು ಬಳಿದವು ಸೇರಿರಬಹುದು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಮೇಲ್ಮೈ ಒರಟಾಗಿದ್ದರೆ, ಬಣ್ಣ ಮಸುಕಾಗಿದ್ದರೆ, ಹಲ್ಲುಗಳ ತುದಿಗೆ ಗೋಂದು ಮೆತ್ತಿದ್ದರೆ ಬೇಡ. ಬ್ರಿಟಿಷ್ ದೊರೆಗಳ ಮುಖವಿರುವವು ಅಂಚೆಗೆ ನಡೆಯುವುದಿಲ್ಲ. ‘ಸರ್ವಿಸ್’ ಎಂದು ಅಚ್ಚಾದವು ಸರ್ಕಾರಿ ಕಚೇರಿಗಳಿಗೆ ಮಾತ್ರ. ರೆವಿನ್ಯೂ ಸ್ಟಾಂಪ್ ರಸೀದಿಗೆ, ಪತ್ರಕ್ಕಲ್ಲ. ಈ ಮೂರನೆಯ ತಪ್ಪು ಆಗುವುದಿಲ್ಲ ಎಂದುಕೊಳ್ಳಬೇಡಿ, ಕಚೇರಿಯ ಡ್ರಾಯರಿನಲ್ಲಿ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ.

ಸಣ್ಣ ಮುಖಬೆಲೆ ಎಷ್ಟೇ ಅಗ್ಗವಾದರೂ ಕೈಕೆಲಸ ಹೆಚ್ಚು. 1 ರೂಪಾಯಿಯ ಐದು ಚೀಟಿಯಂತೆ 400 ಕವರಿಗೆ 2,000 ಚೀಟಿ ಒದ್ದೆ ಮಾಡಿ ಹಚ್ಚಬೇಕು. ಒಂದು ಕವರಿಗೆ ಮೂರು ಚೀಟಿ ಮೀರದಂತೆ ನೋಡಿಕೊಳ್ಳಿ.

ಆನ್‌ಲೈನ್ ಅಂಗಡಿಯಲ್ಲಿ ‘100 ವನ್ಯಜೀವಿ ಸ್ಟಾಂಪ್’ ಪೊಟ್ಟಣ ಅಗ್ಗಕ್ಕಿದೆ. ತರಿಸಲೇ?

ಬೇಡ. ಅವು ಬಹುಮಟ್ಟಿಗೆ ಬೇರೆ ದೇಶಗಳ, ಠಸ್ಸೆ ಬಿದ್ದ ಚೀಟಿಗಳು. ಮಕ್ಕಳ ಆಲ್ಬಮ್ಮಿಗೆ ಚೆಂದ, ಅಂಚೆಗೆ ಒಂದು ಪೈಸೆಯ ಬೆಲೆಯಿಲ್ಲ.

ನಮ್ಮ ಲಾಂಛನದ ಜೊತೆ ಹುಲಿ ಹಾಕಿ ‘ಮೈ ಸ್ಟಾಂಪ್’ ಮಾಡಿಸಿದರೆ?

ನಮ್ಮ ಚಿತ್ರವನ್ನೂ ಸೇರಿಸಿ ಅಂಚೆ ಇಲಾಖೆ ಅಚ್ಚು ಹಾಕಿಕೊಡುವ ಈ ಚೀಟಿಯ ಒಂದು ಶೀಟಿಗೆ 300 ರೂಪಾಯಿ, ಅದರಲ್ಲಿ 5 ರೂಪಾಯಿಯ 12 ಚೀಟಿ. ಅಂದರೆ 60 ರೂಪಾಯಿಯ ಅಂಚೆಗೆ 300 ಕೊಟ್ಟಂತೆ, ಒಂದು ಚೀಟಿಗೆ 25. ನಾನೂರು ಕವರಿಗೆ 34 ಶೀಟು, 10,200 ರೂಪಾಯಿ. ಸಾಮಾನ್ಯ ಟಪಾಲಿಗೆ ಇದು ಶುದ್ಧ ದುಂದು. ಬೆಳ್ಳಿಹಬ್ಬಕ್ಕೆ ಹನ್ನೆರಡು ಮಂದಿ ಹಿರಿಯ ದಾನಿಗಳಿಗೆ ಒಂದೇ ಶೀಟು ಮಾಡಿಸಿದರೆ ಅದು ಬೇರೆ ಮಾತು.

ಫಿಲಾಟೆಲಿ ಡಿಪಾಸಿಟ್ ಖಾತೆ ತೆರೆದರೆ ಅನುಕೂಲವೇ?

ಕನಿಷ್ಠ 200 ರೂಪಾಯಿ ಕಟ್ಟಿ ತೆರೆಯಬಹುದು. ವರ್ಷವಿಡೀ ಹೊರಡುವ ಹೊಸ ಚೀಟಿಗಳನ್ನು ಸಂಗ್ರಾಹಕರ ಮನೆಗೆ ಕಳಿಸುವ ಏರ್ಪಾಡು ಅದು. ಹಚ್ಚುವ ಕೆಲಸಕ್ಕೆ ಹೇಳಿಮಾಡಿಸಿದ್ದಲ್ಲ. ಸಂಸ್ಥೆಗೆ ಬರವಣಿಗೆಯ ಬೇಡಿಕೆಯೇ ಲೇಸು.

ಕವರು ಬಿಟ್ಟು ಪೋಸ್ಟ್‌ಕಾರ್ಡ್ ಮುದ್ರಿಸಿದರೆ ಇನ್ನೂ ಅಗ್ಗವಲ್ಲವೇ?

ಎಲ್ಲರೂ ಎಡವುವುದು ಇಲ್ಲೇ. 50 ಪೈಸೆ ಎಂಬುದು ಕೈಯಲ್ಲಿ ಬರೆದ ಕಾರ್ಡಿಗೆ. ಒಕ್ಕಣೆಯನ್ನು ಅಚ್ಚು ಹಾಕಿಸಿದರೆ ಅದು ಮುದ್ರಿತ ಪೋಸ್ಟ್‌ಕಾರ್ಡು, ಅದರ ದರ 6 ರೂಪಾಯಿ. 20 ಗ್ರಾಮಿನ ಮುಚ್ಚಿದ ಕವರಿಗಿಂತ ಒಂದು ರೂಪಾಯಿ ಜಾಸ್ತಿ! ಸ್ವಯಂಸೇವಕರು ಇಪ್ಪತ್ತು ಮಂದಿ ಸೇರಿ ಒಂದು ಮಧ್ಯಾಹ್ನ ಕೂತು ತಲಾ ಹತ್ತು ಕಾರ್ಡು ಕೈಯಲ್ಲಿ ಬರೆದರೆ 200 ಕಾರ್ಡಿಗೆ 100 ರೂಪಾಯಿ. ಅದಕ್ಕಿಂತ ಅಗ್ಗದ ಪತ್ರ ದೇಶದಲ್ಲಿಲ್ಲ, ಓದುವವರಿಗೂ ಅದೇ ಇಷ್ಟ.

ಎಲ್ಲರಿಗೂ ಚಿತ್ರದ ಚೀಟಿಯೇ ಹಚ್ಚಬೇಕೇ?

ಬೇಕಿಲ್ಲ. ಬ್ಯಾಂಕು, ಇಲಾಖೆ, ಕಂಪನಿಗಳ ವಿಳಾಸಕ್ಕೆ ಹೋಗುವ ಕವರನ್ನು ಆವಕ ವಿಭಾಗದವರು ಹರಿದು ಎಸೆಯುತ್ತಾರೆ. ಅಲ್ಲಿಗೆ ದಿನಬಳಕೆಯ ಚೀಟಿ ಸಾಕು. ಮನೆ ವಿಳಾಸದ ದಾನಿಗಳು, ಶಾಲೆಗಳು, ಮಕ್ಕಳು ಬರೆದ ಪತ್ರಗಳಿಗೆ ಉತ್ತರ, ಇಂಥವಕ್ಕೆ ಮಾತ್ರ ಪ್ರಾಣಿಯನ್ನೋ ಹಕ್ಕಿಯನ್ನೋ ಮೀಸಲಿಡಿ. ಪಟ್ಟಿಯನ್ನು ಹೀಗೆ ಎರಡಾಗಿ ಒಡೆದರೆ ಬೇಕಾಗುವ ಚಿತ್ರದ ಚೀಟಿಗಳ ಸಂಖ್ಯೆ ಇಳಿಯುತ್ತದೆ, ಒಂದೇ ಬಗೆಯವು ಪೂರ್ತಿ ಸಿಗುವ ಸಂಭವವೂ ಹೆಚ್ಚುತ್ತದೆ.

ಚೀಟಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಸೆಯಬೇಕೇ?

ಎಸೆಯಬೇಡಿ. ಕರಾವಳಿ ಮಲೆನಾಡಿನಲ್ಲಿ ಇದು ಪ್ರತಿ ಮಳೆಗಾಲದ ಗೋಳು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಒಂದು ರಾತ್ರಿ ಇಡಿ. ತೆಗೆದೊಡನೆ, ಮತ್ತೆ ತೇವ ಹಿಡಿಯುವ ಮೊದಲು, ಮೂಲೆಯಿಂದ ಮೆಲ್ಲನೆ ಬಿಡಿಸಿ. ಗೋಂದು ಗಡುಸಾಗಿ ಬಿರಿಯುವುದರಿಂದ ಬಹುಪಾಲು ಬಿಟ್ಟುಬರುತ್ತವೆ. ಬಾರದಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಿ ಒಣಗಿಸಿ, ಆಮೇಲೆ ಬೇರೆ ಗೋಂದು ಹಚ್ಚಿ. ಹರಿದ ಚೀಟಿ ನಡೆಯುವುದಿಲ್ಲ, ಹಾಗಾಗಿ ಎಳೆದಾಡಬೇಡಿ. ಮುಂದಿನ ಸಲ ಶೀಟುಗಳ ನಡುವೆ ಬಟರ್ ಪೇಪರ್ ಇಟ್ಟು ಸ್ಟೀಲ್ ಡಬ್ಬಿಯಲ್ಲಿ ಲಂಬವಾಗಿ ನಿಲ್ಲಿಸಿ. ಒಂದರ ಮೇಲೊಂದು ಹೇರಿ ಮೇಲೆ ಲೆಡ್ಜರ್ ಇಟ್ಟರೆ ಅಂಟುವುದು ಖಂಡಿತ.

ಹಚ್ಚುವಾಗ ಒದ್ದೆ ಸ್ಪಂಜು ಬಳಸಿ. ನೀರು ಹೆಚ್ಚಾದರೆ ಗೋಂದು ತೊಳೆದುಹೋಗಿ ಒಣಗಿದ ಮೇಲೆ ಚೀಟಿ ಉದುರುತ್ತದೆ. ನುಣುಪಾದ ಬಣ್ಣದ ಕವರಿಗೆ ಮೂಲೆಗಳಲ್ಲಿ ಗೋಂದುಕಡ್ಡಿ ಒಮ್ಮೆ ಸವರಿ. ಚೀಟಿಯ ಮೇಲೆ ಸೆಲ್ಲೋಟೇಪು ಅಂಟಿಸಲೇಬಾರದು, ಠಸ್ಸೆಯ ಮಸಿ ಹಿಡಿಯದೆ ಕವರು ತಕರಾರಿಗೆ ಸಿಗುತ್ತದೆ.

ಠಸ್ಸೆ ಹುಲಿಯ ಮುಖದ ಮೇಲೇ ಬೀಳುತ್ತದೆ. ಏನು ಮಾಡುವುದು?

ಡಬ್ಬಿಗೆ ಹಾಕದೆ ಕೌಂಟರಿಗೆ ಕೊಡಿ. ಜನ ಕಡಿಮೆಯಿರುವ ಹೊತ್ತಿನಲ್ಲಿ, ಎಲ್ಲ ಕವರಿನ ಮುಖವೂ ಒಂದೇ ದಿಕ್ಕಿಗಿರುವಂತೆ ಜೋಡಿಸಿ, ಐವತ್ತರ ಕಟ್ಟು ಮಾಡಿ ಒಯ್ದು ‘ಮೂಲೆಗೆ ಹಾಕಿಕೊಡಿ ಸಾರ್’ ಎಂದರೆ ಬಹಳ ಮಂದಿ ಹಾಕಿಕೊಡುತ್ತಾರೆ. ಕೆಲವು ಅಂಚೆ ಕಚೇರಿಗಳಲ್ಲಿ ಊರಿನ ವಿಶೇಷದ ಚಿತ್ರವಿರುವ ಶಾಶ್ವತ ಚಿತ್ರಮುದ್ರೆಯಿದೆ. ಪಟ್ಟಿಯನ್ನು ಫಿಲಾಟೆಲಿಕ್ ಬ್ಯೂರೋದಲ್ಲಿ ಕೇಳಿ. ಅದಕ್ಕೆ ಬೇರೆ ದುಡ್ಡಿಲ್ಲ.

ಠಸ್ಸೆ ಬೀಳದೆ ಬಂದ ಚೀಟಿಯನ್ನು ಕಿತ್ತು ಮತ್ತೆ ಹಚ್ಚಬಹುದೇ ಎಂದೂ ಕೇಳುತ್ತಾರೆ. ಕೂಡದು. ಒಮ್ಮೆ ಪ್ರಯಾಣ ಮಾಡಿದ ಚೀಟಿಯನ್ನು ಮತ್ತೆ ಬಳಸುವುದು ಅಪರಾಧ.

ಚೀಟಿ ಕಡಿಮೆ ಬಿದ್ದರೆ ಏನಾಗುತ್ತದೆ?

ಪತ್ರ ಬೇರಿಂಗ್ ಆಗುತ್ತದೆ. ಕೊರತೆಯ ಎರಡರಷ್ಟನ್ನು ಪೋಸ್ಟ್‌ಮ್ಯಾನ್ ಪಡೆಯುವವರ ಕೈಯಿಂದ ಕೇಳುತ್ತಾರೆ. 5 ರೂಪಾಯಿ ಕೊರತೆಗೆ ನಿಮ್ಮ ದಾನಿ ಬಾಗಿಲಲ್ಲಿ ನಿಂತು 10 ರೂಪಾಯಿ ಕೊಡಬೇಕು, ಅದೂ ನಿಮ್ಮ ಧನ್ಯವಾದ ಓದುವುದಕ್ಕೆ. ಬೇಡವೆಂದರೆ ಪತ್ರ ನಿಮಗೇ ಹಿಂತಿರುಗುತ್ತದೆ. ಅದಕ್ಕೇ ಮೇಲೆ ತೂಕದ ವಿಷಯ ಅಷ್ಟು ಉದ್ದ ಹೇಳಿದ್ದು.

ವರದಿ ಪುಸ್ತಕದಂತಿದೆ, 200 ಗ್ರಾಂ. ಚೀಟಿ ಹಚ್ಚಲೇ?

ಪತ್ರದ ದರದಲ್ಲಿ 50 ರೂಪಾಯಿ ಆಗುತ್ತದೆ, ಬೇಡ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100, ಮೇಲೆ ತೆರಿಗೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಮುದ್ರಿತ ಪುಸ್ತಕಗಳಿಗೆ ಮಾತ್ರ. ಜಾಹೀರಾತು ತುಂಬಿದ ವರದಿ, ನಿಯತಕಾಲಿಕೆ ಅದರಲ್ಲಿ ಹೋಗದು. ನಿಮ್ಮ ವರದಿ ಅದಕ್ಕೆ ಸಲ್ಲುತ್ತದೆಯೇ ಎಂದು ಒಂದು ಪ್ರತಿ ತೋರಿಸಿ ಕೇಳಿಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ ಎಂಬುದು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಹಳೆಯ ಲೆಕ್ಕದಲ್ಲಿ ಬಜೆಟ್ ಹಾಕಬೇಡಿ.

ಲೆಕ್ಕಪರಿಶೋಧಕರು ಸ್ಟಾಂಪಿನ ಬಗ್ಗೆ ತಕರಾರು ತೆಗೆಯುತ್ತಾರೆ.

ಕೊಳ್ಳುವಾಗಲೇ ರಸೀದಿ ಕೇಳಿ ಪಡೆಯಿರಿ, ತಾನಾಗಿ ಬರುವುದಿಲ್ಲ. ಸ್ಟಾಂಪ್ ರಿಜಿಸ್ಟರಿನಲ್ಲಿ ಮುಖಬೆಲೆವಾರು ಆರಂಭದ ಶಿಲ್ಕು, ಬಂದದ್ದು, ಹಚ್ಚಿದ್ದು, ಉಳಿದದ್ದು ಬರೆಯಿರಿ. ವ್ಯಾಪಾರಿಯಿಂದ ಕಡಿಮೆಗೆ ಕೊಂಡಿದ್ದರೆ ಕೊಟ್ಟ ಬೆಲೆಯನ್ನೇ ಖರ್ಚಿಗೆ ಹಾಕಿ, ಮುಖಬೆಲೆಯನ್ನಲ್ಲ.

ನಾವು ಅಮೆರಿಕದ ಕನ್ನಡ ಕೂಟದವರು. ಅಲ್ಲಿ ಹೇಗೆ?

ಅಲ್ಲಿ ಸೇವಾ ಸಂಸ್ಥೆಗಳಿಗೆ ಬೇರೆ ದರವಿದೆ, ಆದರೆ ತೆರಿಗೆ ವಿನಾಯಿತಿಯ 501(ಸಿ)(3) ಮಾನ್ಯತೆ ಇದ್ದ ಮಾತ್ರಕ್ಕೆ ಸಿಗದು. ಅಂಚೆ ಇಲಾಖೆಗೆ 3624ನೇ ನಮೂನೆಯಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಒಂದು ಸಲಕ್ಕೆ ಕನಿಷ್ಠ 200 ಕವರು ಅಥವಾ 50 ಪೌಂಡು ಇರಬೇಕು. ಆ ದರಕ್ಕೆ ಹಚ್ಚುವ ನಾನ್‌ಪ್ರಾಫಿಟ್ ಚೀಟಿಗಳೇ ಬೇರೆ, 5 ಸೆಂಟಿನವು. ಉಳಿದ ವ್ಯತ್ಯಾಸವನ್ನು ಟಪಾಲು ಒಪ್ಪಿಸುವಾಗ ಕಟ್ಟುವುದು. ಹುಲಿಮರಿಯ ಚಿತ್ರವಿರುವ, 2011ರಲ್ಲಿ ಬಂದ ‘ಸೇವ್ ವ್ಯಾನಿಶಿಂಗ್ ಸ್ಪೀಶೀಸ್’ ಚೀಟಿಯಲ್ಲಿ ಅಂಚೆ ದರದ ಮೇಲೆ ವನ್ಯಜೀವಿ ನಿಧಿಗೆ ಹೋಗುವ ಪಾಲೂ ಸೇರಿದೆ. ಅದು ದಾನ, ಉಳಿತಾಯವಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಫಾರೆವರ್ ಚೀಟಿಯ (ದರ ಏರಿದರೂ ನಡೆಯುವ ಚೀಟಿ) ಸುರುಳಿ ಅರ್ಧ ಬೆಲೆಗೆ ಎಂದು ಬರುವ ಜಾಹೀರಾತು ನಕಲಿ ಚೀಟಿಯದು. ಅಂಥದ್ದು ಹಚ್ಚಿದ ಟಪಾಲನ್ನು ಅಲ್ಲಿನ ಅಂಚೆಯವರು ತಡೆಹಿಡಿಯುತ್ತಾರೆ, ಹಿಂದಕ್ಕೂ ಕೊಡುವುದಿಲ್ಲ.